ಖಾಲಿ ಗುಳ್ಳೆಗಳು

ರಜೆಗೆಂದು ಮಗಳು ಶಾಲೆಯಿಂದ ತಂದ ಪುಸ್ತಕ.
ಕಪ್ಪು ಬಿಳುಪು ಚಿತ್ರ, ದಪ್ಪ ಹಾಳೆ, ಮಾತು ಕಡಿಮೆ.
ಮಕ್ಕಳದ್ದೆಂದು ತಿಳಿದಿದ್ದೆ.
ಕರೆಂಟು ಹೋದ ರಾತ್ರಿ, ಅವಳಿಗೆ ನಿದ್ದೆ ಹತ್ತಿದ ಮೇಲೆ
ಅಂಗಳದ ಹೊರಸಿನ ಮೇಲೆ ಮೊಬೈಲಿನ ಬೆಳಕು ಹಿಡಿದು ತೆರೆದೆ.
ರಾಯಚೂರಿನ ಮೇ ತಿಂಗಳು.
ಹನ್ನೊಂದಾದರೂ ಗೋಡೆ ಇನ್ನೂ ಕಾದೇ ಇತ್ತು.

ಯಾವುದೋ ದೇಶ, ಯಾವುದೋ ಕಾಡುಗುಡ್ಡ, ಯುದ್ಧ.
ಮದ್ದುಗುಂಡು ಹೊರುವ ಒಂದು ಹೇಸರಗತ್ತೆ.
ಅದರ ಮಾತಿನ ಗುಳ್ಳೆಯೊಳಗೆ ಅಕ್ಷರವಿಲ್ಲ,
ಒಂದು ಹುಲ್ಲಿನ ಎಸಳು, ಒಂದು ಗಂಟೆ, ತಾಯಿಯ ಕಿವಿ.
ಓದು ಬಾರದವರಿಗೂ ತಿಳಿಯುವ ಮಾತು.

ನಲವತ್ತೊಂದನೇ ಪುಟದಲ್ಲಿ ಡೇರೆ.
ನಾಲ್ಕು ಜನ ಕಾಲು ಹಿಡಿದಿದ್ದಾರೆ, ಒಬ್ಬ ತಲೆ.
ಕೂಗಿದರೆ ವೈರಿಗೆ ಕೇಳಿಸೀತೆಂದು
ಗಂಟಲೊಳಗಿನ ಎಳೆ ಕತ್ತರಿಸುತ್ತಾರೆ.
ಅಲ್ಲಿಂದ ಮುಂದೆ ಗುಳ್ಳೆ ಇದೆ, ಒಳಗೆ ಏನಿಲ್ಲ.
ಹಗ್ಗದ ಸೇತುವೆ ದಾಟುವಾಗ ಖಾಲಿ.
ಜಿಗಣೆ ಹತ್ತಿದಾಗ ಖಾಲಿ.
ಸಾಕಿದ ಹುಡುಗ ಮಳೆಯಲ್ಲಿ ಅಂಗಾತ ಬಿದ್ದು
ಏಳದೆ ಹೋದಾಗ
ಪುಟದ ತುಂಬ ಒಂದೇ ಗುಳ್ಳೆ, ಬಾವಿಯಷ್ಟು,
ಬೆಳ್ಳಗೆ.

ನನಗೆ ಅಳು ಬರಲಿಲ್ಲ. ಸುಳ್ಳು ಯಾಕೆ.
ನಾನು ನೋಡಿದ್ದು ತಲೆ ಹಿಡಿದವನನ್ನು.
ಅವನ ಮುಖ ಬರೆದಿಲ್ಲ, ಕೈ ಮಾತ್ರ:
ಹೆಬ್ಬೆರಳು ದವಡೆಯ ಕೆಳಗೆ, ಉಳಿದ ನಾಲ್ಕು ಮೂಗಿನ ಮೇಲೆ.
ಹಿಡಿತ ಸರಿಯಾಗಿದೆ.
ಇಪ್ಪತ್ತೆರಡು ವರ್ಷ ದನದ ದವಾಖಾನೆಯಲ್ಲಿ
ನಾನು ಹಿಡಿಯುವುದೂ ಹಾಗೇ,
ಮೂಗುದಾರಕ್ಕೆ, ಬೀಜ ಒಡೆಯುವುದಕ್ಕೆ, ಕರುವಿನ ಕೊಂಬು ಸುಡುವುದಕ್ಕೆ.
'ಹುಸೇನಪ್ಪ ಹಿಡದ್ರ ಮುಗೀತು, ಮಿಸುಕಂಗಿಲ್ಲ'
ಅಂತ ದೇವದುರ್ಗದ ತನಕ ಹೆಸರು.

ವಾಪಸು ಕೊಡುವ ದಿನ ನೋಡಿದರೆ
ಗುಳ್ಳೆಗಳಲ್ಲೆಲ್ಲ ಪೆನ್ಸಿಲ್ಲು.
ಭೀಮಾಂಬಿಕಾ ತುಂಬಿಸಿದ್ದಾಳೆ.
ಸೇತುವೆಯ ಮೇಲೆ: ನನಗ ಈಜು ಬರಂಗಿಲ್ಲ.
ಜಿಗಣೆಗೆ: ಏ, ತೆಗೀರೋ ಯಾರರ.
ಡೇರೆಯಿಂದ ಹೊರಬಂದ ಮೊದಲ ಚಿತ್ರದಲ್ಲಿ:
ತಲಿ ಹಿಡದಾವ ಯಾರು?

ಬೈದೆ. 'ಲೈಬ್ರರಿ ಪುಸ್ತಕ. ದಂಡ ಯಾರಪ್ಪ ಕಟ್ಟತಾನ?'
'ನಮ್ಮಪ್ಪ,' ಅಂದಳು.
ರಬ್ಬರು ತಗೊಂಡು ಒಂದನ್ನು ಅಳಿಸಿದೆ, ಆ ಡೇರೆಯದನ್ನು.
ಹೋಗಲಿಲ್ಲ ಪೂರ್ತಿ. ಗುಳ್ಳೆಯೊಳಗೆ ಮಸಿ ಹರಡಿತು, ಹೊಗೆಯ ಹಾಗೆ.
ಉಳಿದವನ್ನು ಮುಟ್ಟಲಿಲ್ಲ.
ನೂರಾ ಎಂಬತ್ತು ರೂಪಾಯಿ ಕಟ್ಟಿದೆ.

ಬರುವಾಗ ಕೋಟೆಗೋಡೆಯ ಹತ್ತಿರ ಗಾಡಿ ನಿಲ್ಲಿಸಿದೆ.
ಬಸ್ಸುಗಳ ಹಾರನ್ನು ಕೇಳುವಷ್ಟು ಹತ್ತಿರ ಆ ಉದ್ದ ಕಲ್ಲು,
ದಿನಾ ದಾಟುತ್ತೇನೆ.
ಅದರ ಮೇಲೆ ಕಟ್ಟಿಸಿದವನ ಹೆಸರು, ಸಾಲು ಸಾಲು.
ಪಕ್ಕದಲ್ಲಿ ಸಣ್ಣದೊಂದು ಕೆತ್ತನೆ: ಅದೇ ಕಲ್ಲು ಬಂಡಿಯ ಮೇಲೆ,
ಮುಂದೆ ಜೋಡಿ ಜೋಡಿ ಕೋಣ, ಹಿಂದೆ ಮೀಟುವವರು.
ಯುದ್ಧಕ್ಕೆಂದೇ ಎಬ್ಬಿಸಿದ ಗೋಡೆ.
ಭೀಮಿ ದೂರದಿಂದಲೇ ಬೆರಳಾಡಿಸಿ ಎಣಿಸಿದಳು,
ನಡುವೆ ತಪ್ಪಿ ಮತ್ತೆ ಮೊದಲಿನಿಂದ.
'ಇವಕ್ಕ ಗುಳ್ಳೀನೂ ಕೊಟ್ಟಿಲ್ಲ ನೋಡಪ್ಪ.'

ಮರುದಿನ ಯರಗೇರಾದ ಒಂದು ಎಮ್ಮೆ,
ಕೊಂಬಿನ ಬುಡ ಕೊಳೆತು ಹುಳ ಬಿದ್ದಿತ್ತು.
ಡಾಕ್ಟರು ವೈರಿನ ಗರಗಸ ತೊಳೆದು ನಿಂತಿದ್ದರು.
ಕೈ ಇಟ್ಟೆ. ಹೆಬ್ಬೆರಳು ದವಡೆಯ ಕೆಳಗೆ.
ಎಮ್ಮೆ ಒದರಿತು.
ನಾಲ್ಕು ಬೆರಳು ಮೇಲೆ ಬರಲಿಲ್ಲ.

'ಏನ್ ನೋಡ್ತೀಯೋ, ಹಿಡಿ.'
'ತಡೀರಿ ಸಾಹೇಬ್ರ. ಅದರದು ಮುಗೀಲಿ.'
ಅವರು ಗಡಿಯಾರ ನೋಡಿದರು,
ಎಮ್ಮೆಯ ಮಾಲೀಕ ನನ್ನನ್ನು.
ಮೊಳಕೈತನಕ ಬಿಸಿ ಉಸಿರು, ಜೋಳದ ಸೊಪ್ಪೆಯ ವಾಸನೆ.
ಎಷ್ಟು ಹೊತ್ತು ಒದರಿತೋ.

ಆಮೇಲೆ ಹಿಡಿದೆ.
ಹಿಡಿಯದೆ ಆಗುತ್ತದೇನು,
ಗಟ್ಟಿಯಾಗೇ ಹಿಡಿದೆ.